ದತ್ತು ಹೋದವರ ಮಕ್ಕಳಿಗೂ ಮೂಲ ತಿಳಿಯುವ ದಾರಿ ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯಿಂದ ನರ್ಸಿಂಗ್ ಮುಂತಾದ ಉದ್ಯೋಗಗಳಿಗಾಗಿ ಐರ್ಲೆಂಡಿಗೆ ಹೋದವರು ಈಗ ಅಪರೂಪವಲ್ಲ. ಅಲ್ಲಿಯವರೊಂದಿಗೆ ಮದುವೆ ಸಂಬಂಧಗಳೂ ಕೂಡಿಬರುತ್ತಿವೆ. ನಮ್ಮ ಮನೆಯ ಸೊಸೆ ಕಾರ್ಕ್ ನಗರದವಳು. ಅವಳ ತಂದೆ 1950ರ ದಶಕದಲ್ಲಿ ಹಸುಗೂಸಾಗಿದ್ದಾಗ ದತ್ತು ಹೋದವರು; ಹೆತ್ತ ತಾಯಿಯ ಹೆಸರನ್ನೂ ತಿಳಿಯದೆ ತೀರಿಕೊಂಡರು. ಸಂಬಂಧ ಕೇಳಿ ಬಂದವರ ಬಳಿ ತರವಾಡು ಯಾವುದು, ಮೂಲಮನೆ ಎಲ್ಲಿ ಎಂದು ಮೊದಲು ವಿಚಾರಿಸುವ ನಾಡಿನವರಾದ ನಮಗೆ ಅವಳ ಹುಡುಕಾಟದ ಕಾರಣವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಐರ್ಲೆಂಡಿನಲ್ಲಿ ದತ್ತು ಸ್ವೀಕಾರಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 1952ರ ಕಾಯಿದೆಯಿಂದ. ದತ್ತು ಹೋದ ಮಗುವಿನ ಹೆಸರು ಬೇರೊಂದು ನೋಂದಣಿ ಪುಸ್ತಕಕ್ಕೆ ಸೇರುತ್ತಿತ್ತು. ಅದನ್ನು ಮೂಲ ಜನನ ದಾಖಲೆಯೊಂದಿಗೆ ಜೋಡಿಸುವ ಸೂಚಿಯನ್ನು ಸಾರ್ವಜನಿಕರಿಗೆ ತೋರಿಸುತ್ತಿರಲಿಲ್ಲ. ಮದುವೆಯಾಗದೆ ಗರ್ಭಿಣಿಯರಾದ ಹೆಣ್ಣುಮಕ್ಕಳನ್ನು ಇರಿಸುತ್ತಿದ್ದ ಆಶ್ರಮಗಳ ಬಗ್ಗೆ ತನಿಖೆ ನಡೆಸಿದ ಆಯೋಗದ ವರದಿ 2021ರ ಜನವರಿಯಲ್ಲಿ ಹೊರಬಂದಾಗ, ಪ್ರಧಾನಿ ಮಿಹಾಲ್ ಮಾರ್ಟಿನ್ ಸರಕಾರದ ಪರವಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮರುವರ್ಷ ಜನನ ಮಾಹಿತಿ ಮತ್ತು ಪತ್ತೆ ಕಾಯಿದೆ ಜಾರಿಗೆ ಬಂದು, 2022ರ ಅಕ್ಟೋಬರಿನಿಂದ ದತ್ತು ಪ್ರಾಧಿಕಾರ ಮತ್ತು ಟುಸ್ಲಾ ಎಂಬ ಸರಕಾರಿ ಸಂಸ್ಥೆಯ ಮೂಲಕ ಮೂಲ ಜನನ ಪ್ರಮಾಣಪತ್ರವನ್ನು ಉಚಿತವಾಗಿ ಪಡೆಯುವ ಅವಕಾಶ ದೊರೆಯಿತು. ಹೆತ್ತವರು ಸಂಪರ್ಕ ಬೇಡವೆಂದು ನೋಂದಾಯಿಸಿದ್ದರೆ, ಅವರ ಇಚ್ಛೆಯನ್ನು ಅರ್ಜಿದಾರರಿಗೆ ಮೊದಲು ತಿಳಿಹೇಳಿ, ಆ ಬಳಿಕ ದಾಖಲೆ ಕೊಡುತ್ತಾರೆ. ಹೆಸರು ತಿಳಿಯುವುದು ಬೇರೆ, ಮನೆಬಾಗಿಲಿಗೆ ಹೋಗಿ ನಿಲ್ಲುವುದು ಬೇರೆ. ಈ ಎರಡನ್ನು ಬೇರ್ಪಡಿಸಿರುವುದು ನನಗೆ ನ್ಯಾಯವಾಗಿ ಕಾಣುತ್ತದೆ. ದತ್ತು ಹೋದವರು ತೀರಿಕೊಂಡಿದ್ದರೆ, ಕೆಲವು ಷರತ್ತುಗಳಿಗೊಳಪಟ್ಟು, ಅವರ ಮಕ್ಕಳೂ ಅರ್ಜಿ ಹಾಕಬಹುದು. ನಮ್ಮ ಸೊಸೆ ಹಾಕಿದ್ದಾಳೆ.

ಆ ಒಂದು ಹೆಸರಿಗೆ ಎಷ್ಟು ಬೆಲೆಯಿದೆ ಎಂಬುದು ಅಲ್ಲಿಯ ದಾಖಲೆಗಳನ್ನು ನೋಡಿದರೆ ತಿಳಿಯುತ್ತದೆ. ಜನನ ನೋಂದಣಿಯ ಪುಟಗಳನ್ನು ನೂರು ವರ್ಷ ಕಳೆದ ಮೇಲಷ್ಟೇ ಅಂತರ್ಜಾಲದಲ್ಲಿ ತೆರೆದಿಡುವುದರಿಂದ ತಂದೆಯ ಜನನ ಅಲ್ಲಿ ಸಿಗುವುದಿಲ್ಲ. ಅಜ್ಜಿಯ ಹೆಸರು ಮತ್ತು ಊರು ಗೊತ್ತಾದರೆ ಅವಳ ಹೆತ್ತವರವರೆಗೂ ಹೋಗಬಹುದು. 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಸುಟ್ಟುಹೋಗಿ 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ನಾಶವಾಯಿತಾದರೂ 1901 ಮತ್ತು 1911ರ ಜನಗಣತಿಯ ಹಾಳೆಗಳು ಉಳಿದಿವೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮನೆಯಲ್ಲಿ ಯಾರೆಲ್ಲ ಇದ್ದರು, ಯಾರಿಗೆ ಓದುಬರಹ ಬರುತ್ತಿತ್ತು, ಮನೆಗೆ ಎಂಥ ಮಾಡು, ಎದುರಿಗೆ ಎಷ್ಟು ಕಿಟಕಿ ಎಂಬ ವಿವರಗಳಷ್ಟೇ ಅಲ್ಲದೆ, ಐರಿಷ್ ಭಾಷೆ ಆಡುತ್ತಿದ್ದರೇ ಎಂಬ ಕಾಲಮೂ ಅವುಗಳಲ್ಲಿದೆ. ಗಡಿನಾಡಿನ ಕನ್ನಡತಿಯಾದ ನಾನು ಆ ಕಾಲಮನ್ನು ಬಹಳ ಹೊತ್ತು ನೋಡಿದೆ.

ನಮ್ಮ ದೇಶದಲ್ಲೂ 2022ರ ದತ್ತು ನಿಯಮಾವಳಿಯ ಪ್ರಕಾರ 18 ವರ್ಷ ತುಂಬಿದ ದತ್ತು ವ್ಯಕ್ತಿ ತನ್ನ ಮೂಲವನ್ನು ಹುಡುಕಲು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಆದರೆ ಮೂರನೆಯ ವ್ಯಕ್ತಿಯ ಹುಡುಕಾಟಕ್ಕೆ ಅನುಮತಿ ಇಲ್ಲವೆಂದು ಅದೇ ನಿಯಮ ಹೇಳುತ್ತದೆ. ದತ್ತು ಹೋದವರು ತೀರಿಕೊಂಡ ಮೇಲೆ ಅವರ ಸ್ವಂತ ಮಗ ಅಥವಾ ಮಗಳು ಮೂರನೆಯವರಾಗುತ್ತಾರೆಯೇ? ಅಂಥವರನ್ನು ಹೊರಗಿನವರೆಂದು ಹಿಂದಕ್ಕೆ ಕಳುಹಿಸುವುದು ಸರಿಯಲ್ಲ. ಜಿಲ್ಲೆಯ ಜನಪ್ರತಿನಿಧಿಗಳು ಈ ಪ್ರಶ್ನೆಯನ್ನು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಮುಂದಿಟ್ಟು, ಹೆತ್ತವರ ಗೋಪ್ಯತೆಗೆ ಧಕ್ಕೆ ಬಾರದಂತೆ, ದತ್ತು ಹೋದವರ ಮಕ್ಕಳಿಗೂ ಅರ್ಜಿಯ ಅವಕಾಶ ನೀಡುವ ತಿದ್ದುಪಡಿಗಾಗಿ ಒತ್ತಾಯಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ನೀರ್ಚಾಲು, ಕಾಸರಗೋಡು ಜಿಲ್ಲೆ