ನಾಲ್ಕನೆಯ ಸ್ಕ್ಯಾನ್‌ಗೆ ಮೊದಲು

ಸಕಲೇಶಪುರ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು "ಇನ್ನೊಮ್ಮೆ ಆ ಯಂತ್ರದೊಳಗೆ ಮಲಗುವುದಿಲ್ಲ ಅಮ್ಮ" ಎಂದಾಗ ನನಗೆ ಮಾತು ಹೊರಡಲಿಲ್ಲ. ಮೂತ್ರಪಿಂಡದ ಕಲ್ಲಿಗೆಂದು ಎರಡು ವರ್ಷದಲ್ಲಿ ಮೂರು ಸಿ.ಟಿ. ಸ್ಕ್ಯಾನ್ ಆಗಿವೆ. ಎರಡನೆಯದು ನನ್ನಿಂದಾಗಿ ಆದದ್ದು. ಹಾಸನದಲ್ಲಿ ತೆಗೆಸಿದ ಫಿಲ್ಮುಗಳನ್ನು ಬೀರುವಿನ ಮೇಲೆಯೇ ಬಿಟ್ಟು ನಿನ್ನನ್ನು ಬೆಂಗಳೂರಿನ ಬಸ್ ಹತ್ತಿಸಿದವಳು ನಾನು. ವೈದ್ಯರು ಫಿಲ್ಮ್ ಕೇಳಿದರು, ತಂದಿಲ್ಲವೆಂದು ನೀನು ಹೇಳಿದೆ. ಹನ್ನೊಂದೇ ದಿನದಲ್ಲಿ ಅದೇ ಹೊಟ್ಟೆಯನ್ನು ಮತ್ತೆ ಎಕ್ಸ್‌ರೇ ಕಿರಣ ಹಾದುಹೋಯಿತು. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ.

ನೆಲ, ಬಂಡೆ, ಗಾಳಿ, ಆಕಾಶ, ಉಣ್ಣುವ ಅನ್ನ ಎಲ್ಲವೂ ಸೇರಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ; ಮಿಲಿಸೀವರ್ಟ್ ಎಂದರೆ ಮೈಗೆ ತಾಗುವ ವಿಕಿರಣದ ಅಳತೆ. ಎದೆಯ ಎಕ್ಸ್‌ರೇಯದು 0.1 ಕೂಡ ದಾಟುವುದಿಲ್ಲ. ಹೊಟ್ಟೆಯ ಸಿ.ಟಿ.ಯದು ಸುಮಾರು 10, ಅಂದರೆ ನಾಲ್ಕು ವರ್ಷದ ಪಾಲು ಒಂದೇ ಸಲಕ್ಕೆ. ಅಷ್ಟು ವಿಕಿರಣ ಪಡೆದ 2000 ಜನರಲ್ಲಿ ಒಬ್ಬರಿಗೆ ಮುಂದೆಂದೋ ಅದರಿಂದ ಪ್ರಾಣಾಂತಿಕ ಕ್ಯಾನ್ಸರ್ ಬರಬಹುದೆಂದು ಅಂದಾಜು. ಹಿರೋಷಿಮಾ, ನಾಗಸಾಕಿಗಳಲ್ಲಿ 1945ರಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿ ಕಂಡುಕೊಂಡದ್ದೇ ಇದಕ್ಕೆ ಮುಖ್ಯ ಆಧಾರ. ಸಣ್ಣ ಪ್ರಮಾಣಕ್ಕೂ ಅದೇ ಲೆಕ್ಕ ಹೊಂದುತ್ತದೆಯೇ ಎಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ವಯಸ್ಸು ಚಿಕ್ಕದಾದಷ್ಟೂ ಅಪಾಯ ತುಸು ಹೆಚ್ಚು, ನಿನಗಿನ್ನೂ 24. ಆದ್ದರಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ.

ಆದರೆ "ಮೂರು ಆಗಿಹೋಗಿವೆ, ನಾಲ್ಕನೆಯದನ್ನು ಮೈ ತಾಳುವುದಿಲ್ಲ" ಎಂದೆಯಲ್ಲ, ಆ ಲೆಕ್ಕ ತಪ್ಪು ಮಗಳೇ. ಹಿಂದೆ ಮೂರು ಆಗಿವೆ ಎಂಬ ಕಾರಣಕ್ಕೆ ನಾಲ್ಕನೆಯದರ ಅಪಾಯ ಏರುವುದಿಲ್ಲ. ಅದು ಈಗ ಬೇಕೇ ಎಂಬುದಷ್ಟೇ ಪ್ರಶ್ನೆ. ಚಿತ್ರ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳು. ನೋವಿಲ್ಲದಿರುವಾಗ ಕಲ್ಲು ಎಷ್ಟಿದೆ ಎಂದು ನೋಡುವುದಕ್ಕೆ ಅಲ್ಟ್ರಾಸೌಂಡ್ ಸಾಲುತ್ತದೆಯೇ ಎಂದೂ ಕೇಳು. ಅದರಲ್ಲಿ ವಿಕಿರಣವೇ ಇಲ್ಲ, ಸಣ್ಣ ಕಲ್ಲು ಕಣ್ತಪ್ಪಬಹುದು ಅಷ್ಟೆ. ಸಿ.ಟಿ.ಯೇ ಬೇಕೆಂದರೆ ಕಡಿಮೆ ವಿಕಿರಣದಲ್ಲಿ ಮಾಡಿಕೊಡಲು ಹೇಳು. ಕಲ್ಲು ಹುಡುಕುವುದಕ್ಕೆ 3 ಮಿಲಿಸೀವರ್ಟ್‌ನ ಆಸುಪಾಸಿನಲ್ಲೇ ಕೆಲಸವಾಗುತ್ತದೆ.

ನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಈ ಯಾವ ಲೆಕ್ಕವೂ ಬೇಡ. ಮೂತ್ರ ಕಟ್ಟಿ ಸೋಂಕು ಏರಿದರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ನಿನ್ನ ಅಜ್ಜನಿಗೆ ಕಲ್ಲು ಎಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಒಂದು ಮೂತ್ರಪಿಂಡ ಹೋಗಿತ್ತು. ಆ ಹೊತ್ತಿನಲ್ಲಿ ವೈದ್ಯರು ಮಲಗು ಎಂದರೆ ಮಲಗಿಬಿಡು, ತಾಯಿ.

ಇನ್ನೊಂದು ಮಾತು. ಮುಟ್ಟು ತಡವಾಗಿದ್ದರೆ ಸ್ಕ್ಯಾನ್ ಕೋಣೆಗೆ ಹೋಗುವ ಮೊದಲೇ ಹೇಳಬೇಕು, ನಾಚಿಕೊಳ್ಳಬೇಡ. ಅಳಿಯಂದಿರಿಗೂ ಈ ಪತ್ರ ಓದಿಸು.

ಮೂರೂ ಸಲದ ಫಿಲ್ಮು, ವರದಿ, ಸಿ.ಡಿ.ಗಳ ಮೇಲೆ ದಿನಾಂಕ ಬರೆದು ಒಂದೇ ಚೀಲದಲ್ಲಿ ಹಾಕಿದ್ದೇನೆ. ಭಾನುವಾರ ಅಪ್ಪ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಚೀಲವನ್ನು ಅವರ ಚಪ್ಪಲಿಯ ಪಕ್ಕದಲ್ಲೇ ಇಟ್ಟಿದ್ದೇನೆ.

ನಿನ್ನ ಅಮ್ಮ