ಕೋಷ್ಟಕದಲ್ಲಿ ತೂಕದ ಕಾಲಂ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹೊಸದಾಗಿ ಹಕ್ಕಿ ನೋಡಲು ಹೊರಡುವವರಿಗೆಂದು ದುರ್ಬೀನುಗಳ ಕೋಷ್ಟಕವೊಂದನ್ನು ಹಾಕಿದ್ದೀರಿ. ಮಾದರಿ ಯಾವುದು, ಎಷ್ಟು ಪಟ್ಟು ಹಿಗ್ಗಿಸುತ್ತದೆ, ಬೆಲೆ ಎಷ್ಟು, ಇಷ್ಟೇ ಮೂರು ಕಾಲಂ. ಎಲ್ಲಕ್ಕಿಂತ ಮೇಲೆ 10×50, ಅಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ್ದು; ಎಲ್ಲಕ್ಕಿಂತ ಕೆಳಗೆ 8×25. ಕೆಳಗಿನದರ ಪಕ್ಕದಲ್ಲಿ ‘ಮಕ್ಕಳಿಗೆ ಸಾಕು’ ಎಂಬ ಷರಾ ಬೇರೆ. ನನಗೆ ಈಗ 64 ವರ್ಷ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ನನ್ನ ಕೈಚೀಲದಲ್ಲಿ ದಿನವೂ ಇರುವುದು ಆ ‘ಮಕ್ಕಳ’ ದುರ್ಬೀನೇ.

ಮೊದಲು ನಾನು ಕೊಂಡದ್ದೂ 10×50ನ್ನೇ. ನಿವೃತ್ತಿಯಾದ ವರ್ಷ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಸರಿಯಾಗಿ ನೋಡಬೇಕೆಂಬ ಹಂಬಲ ಹತ್ತಿತ್ತು. ಅಂಗಡಿಯವರು, “ಅಕ್ಕಾವರೇ, ದೊಡ್ಡದನ್ನೇ ತೆಗೆದುಕೊಳ್ಳಿ, ಸಣ್ಣದಾಯಿತೆಂದು ಮತ್ತೆ ಬರಬೇಡಿ” ಎಂದರು. ಬೆಳೆಯುವ ಹುಡುಗಿಗೆ ಲಂಗ ಹೊಲಿಸುವಾಗ ಹೇಳುವ ಮಾತು ಅದು. ಬೆಳೆದು ಮುಗಿಸಿದ ನನ್ನ ಕುತ್ತಿಗೆಗೆ ಅದು ಹೇಗೆ ಹೊಂದೀತು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮನೆಯ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ಒಮ್ಮೆ ತೂಗಿಸಿದೆ. 980 ಗ್ರಾಂ. ಪಟ್ಟಿ, ಚೀಲ ಸೇರಿದಾಗ ಕಿಲೋ ದಾಟಿತು. ಅಂಗಡಿಯ ಹುಡುಗ ಅಭ್ಯಾಸಬಲದಿಂದ, “ಇನ್ನೇನು ಕೊಡಲಿ?” ಎಂದು ಕೇಳಿದ. ಕೆರೆಯ ಏರಿಯ ಮೇಲೆ ನಡೆಯುವಾಗ ಅದು ಹೆಜ್ಜೆಗೊಮ್ಮೆ ಎದೆಗೆ ಗುದ್ದುತ್ತಿತ್ತು. ಕುತ್ತಿಗೆಯ ಮೂಳೆ ಸವೆದಿದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಎರಡು ಸಲ ಹೊತ್ತುಕೊಂಡು ಹೋದೆ. ಮೂರನೆಯ ಸಲ ‘ಇವತ್ತೊಂದು ದಿನ ಬೇಡ’ ಎಂದು ಮೊಳೆಗೆ ತೂಗುಹಾಕಿ ಹೊರಟೆ. ಆಮೇಲೆ ಅದು ಆ ಮೊಳೆಯಿಂದ ಇಳಿದದ್ದು ದೀಪಾವಳಿಗೆ ಸುಣ್ಣ ಹೊಡೆಸಿದಾಗ ಮಾತ್ರ.

ಬರಿಗಣ್ಣಿಗೆ ಹೆಬ್ಬಾತುಗಳೆಂದರೆ ನೀರಿನಾಚೆಯ ಒಂದು ಬೂದು ಗೆರೆ. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು, ನಮ್ಮ ಶಿರಹಟ್ಟಿ ತಾಲ್ಲೂಕಿನ ಈ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಆ ಕೆರೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ನನಗೆ ಕಾಣುತ್ತಿದ್ದದ್ದು ಮಾತ್ರ ಒಂದು ಗೆರೆ. ಆ ವರ್ಷದ ಜನವರಿಯಲ್ಲಿ ಏರಿಯ ಮೇಲೆ ನನ್ನ ಪಕ್ಕ ನಿಂತಿದ್ದ ಹುಬ್ಬಳ್ಳಿಯ ಕಾಲೇಜು ಹುಡುಗಿಯೊಬ್ಬಳು ಜೇಬಿನಿಂದ ಕನ್ನಡಕದ ಡಬ್ಬಿಯಷ್ಟೇ ಗಾತ್ರದ ಒಂದು ವಸ್ತು ತೆಗೆದು, ನಡುವೆ ಮಡಿಚಿದ್ದನ್ನು ಬಿಡಿಸಿ, “ನೋಡುತ್ತೀರಾ ಆಂಟಿ?” ಎಂದು ಕೊಟ್ಟಳು. ಕಣ್ಣಿಗೆ ಹಿಡಿದೆ. ಬೂದು ಗೆರೆ ಒಡೆದು ಹಕ್ಕಿಗಳಾಯಿತು. ಬಿಳಿ ತಲೆಯ ಹಿಂಬದಿಯಲ್ಲಿ ಕಾಡಿಗೆಯಿಂದ ಎಳೆದಂತೆ ಎರಡು ಪಟ್ಟೆ, ಹಳದಿ ಕೊಕ್ಕಿನ ತುದಿಗೆ ಕಪ್ಪು ಚುಕ್ಕೆ. ಒಂದು ಹೆಬ್ಬಾತು ಒಂಟಿ ಕಾಲಿನ ಮೇಲೆ ನಿಂತು ರೆಕ್ಕೆಯ ಸಂದಿಗೆ ಕೊಕ್ಕು ತೂರಿಸಿ ಗರಿ ತೀಡಿಕೊಳ್ಳುತ್ತಿತ್ತು. ಅದು 8×25. ಎಂಟು ಪಟ್ಟು ಎಂದರೆ 160 ಮೀಟರ್ ಆಚೆಗಿರುವುದು 20 ಮೀಟರ್ ದೂರದಲ್ಲಿದ್ದಂತೆ. ನನಗೆ ಅಷ್ಟು ಸಾಕಾಗಿತ್ತು. ಮನೆಯ ಮೊಳೆಗೆ ತೂಗುತ್ತಿದ್ದ ಹತ್ತು ಪಟ್ಟು ಆ ಹೊತ್ತಿಗೆ ಏನು ಉಪಯೋಗಕ್ಕೆ ಬಂತು?

ಮರುತಿಂಗಳೇ ಅಂಥದ್ದನ್ನು ಕೊಂಡೆ. ಅದೇ ತಕ್ಕಡಿಯಲ್ಲಿ 340 ಗ್ರಾಂ ತೂಗಿತು.

‘ಮಕ್ಕಳಿಗೆ ಸಾಕು’ ಎಂದು ಬರೆದವರಿಗಾಗಿ ಒಂದು ಭಾಗಾಕಾರ. ಎರಡನೆಯ ಸಂಖ್ಯೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ. ಅದನ್ನು ಮೊದಲ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ದಪ್ಪ ಸಿಗುತ್ತದೆ. 10×50ರಲ್ಲಿ 5 ಮಿ.ಮೀ., 8×25ರಲ್ಲಿ 3 ಮಿ.ಮೀ.ಗಿಂತ ತುಸು ಹೆಚ್ಚು. ಇದನ್ನು ಕಣ್ಣಾರೆ ನೋಡಬಹುದು. ದುರ್ಬೀನಿನ ಮುಂಭಾಗವನ್ನು ಬೆಳಕಿರುವ ಕಿಟಕಿಯತ್ತ ತಿರುಗಿಸಿ, ಮುಖದಿಂದ ಒಂದು ಮೊಳ ದೂರ ಹಿಡಿದು ಹಿಂಬದಿಯ ಗಾಜನ್ನು ನೋಡಿ. ಕಪ್ಪಿನ ನಡುವೆ ಸಾಬೂದಾಣಿ ಕಾಳಿನಂಥ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯೇ ನಿಮ್ಮ ಕಣ್ಣಿಗೆ ಸಿಗುವ ಬೆಳಕು. ಹಾಡುಹಗಲಲ್ಲಿ ಕಣ್ಣಿನ ಪಾಪೆ ಎರಡರಿಂದ ಮೂರು ಮಿ.ಮೀ.ಗೆ ಕುಗ್ಗಿರುತ್ತದೆ. ಆಗ ಐದು ಮಿ.ಮೀ. ಬೆಳಕು ಕೊಟ್ಟರೆ ಮಿಕ್ಕದ್ದು ಪಾಪೆಯ ಸುತ್ತ ಚೆಲ್ಲಿ ವ್ಯರ್ಥವಾಗುತ್ತದೆ, ಸಣ್ಣ ಬಾಯಿಯ ತಂಬಿಗೆಗೆ ಕೊಡದಿಂದ ನೀರು ಸುರಿದ ಹಾಗೆ. ಅಂಗಡಿಯಲ್ಲಿ ಆ ಚುಕ್ಕೆ ದುಂಡಗಿದೆಯೇ ಎಂದೂ ನೋಡಿ. ಅಂಚುಗಳು ಕತ್ತರಿಸಿದಂತೆ ಚೌಕವಾಗಿ ಕಂಡರೆ ಒಳಗಿನ ಪಟ್ಟಕದ ಗಾಜಿನಲ್ಲಿ ಕಾಸು ಉಳಿಸಿದ್ದಾರೆ ಎಂದೇ ಸಾಮಾನ್ಯವಾಗಿ ಅರ್ಥ. ಪೆಟ್ಟಿಗೆಯ ಮೇಲೆ ‘ಬ್ಯಾಕ್-4’ ಎಂದು ಒಳ್ಳೆಯ ಪಟ್ಟಕದ ಗಾಜಿನ ಹೆಸರು ಅಚ್ಚಾಗಿದ್ದರೂ ಈ ಪರೀಕ್ಷೆ ಮಾಡದೆ ಬಿಡಬೇಡಿ.

ಸಣ್ಣದಕ್ಕೂ ಅದರದೇ ಕೊರತೆಗಳಿವೆ, ಮುಚ್ಚಿಡುವುದಿಲ್ಲ. ಹೊತ್ತು ಮುಳುಗಿ ಹೆಬ್ಬಾತುಗಳು ಹೊಲಗಳತ್ತ ಏಳುವ ಸಮಯಕ್ಕೆ ಪಾಪೆ ಹಿಗ್ಗುತ್ತದೆ, ಸಾಬೂದಾಣಿ ಮಾತ್ರ ಹಿಗ್ಗುವುದಿಲ್ಲ. ಚಿತ್ರ ಮಂಕಾಗುತ್ತದೆ. ಇನ್ನೊಂದು, ಚುಕ್ಕೆ ಸಣ್ಣದಾದ್ದರಿಂದ ಕಣ್ಣು ಅದರ ನೇರಕ್ಕೇ ಬರಬೇಕು. ಕೊಂಚ ಆಚೀಚೆಯಾದರೂ ಕಪ್ಪು ನೆರಳು ಹಾಯುತ್ತದೆ. ನಡುವಿನ ಕೀಲನ್ನು ಮಡಿಚಿ ಬಿಡಿಸಿ, ಎರಡು ವೃತ್ತಗಳು ಕೂಡಿ ಒಂದೇ ಆಗುವವರೆಗೆ ನಮ್ಮ ಕಣ್ಣುಗಳ ಅಂತರಕ್ಕೆ ಹೊಂದಿಸಿಕೊಳ್ಳಬೇಕು. ನನಗೆ ಒಂದು ವಾರ ಬೇಕಾಯಿತು. ಮುಂಜಾವು, ಮುಸ್ಸಂಜೆಯಲ್ಲೇ ಹೆಚ್ಚು ತಿರುಗುವವರು 8×32 ನೋಡಲಿ. ತೂಕ ಸುಮಾರು ಅರ್ಧ ಕಿಲೋ, ಬೆಳಕು 4 ಮಿ.ಮೀ. ಆದರೆ 10×25 ಎಂಬುದನ್ನು ಯಾರಿಗೂ ಹೇಳಲಾರೆ. ಬೆಳಕು ಎರಡೂವರೆ ಮಿ.ಮೀ.ಗೆ ಇಳಿಯುತ್ತದೆ, ಕಾಣುವ ಹರವು ಕಿರಿದಾಗುತ್ತದೆ, ನಮ್ಮಂಥವರ ಕೈನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ. ಹಾರುವ ಸಾಲನ್ನು ಹುಡುಕುವಷ್ಟರಲ್ಲಿ ಆಕಾಶ ಖಾಲಿಯಾಗಿರುತ್ತದೆ.

ಕನ್ನಡಕದವರ ಸಂಗತಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಹಿಂಬದಿಯ ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರವಿದ್ದರೆ ಚಿತ್ರ ಪೂರ್ತಿಯಾಗಿ ಕಾಣುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. ‘ಐ ರಿಲೀಫ್’ ಎಂದು ಕಂಪನಿಯವರು ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕನ್ನಡಕದವರಿಗೆ ಅದು 15 ಮಿ.ಮೀ.ಗೆ ಕಡಿಮೆಯಿರಬಾರದು. ಸಣ್ಣ ದುರ್ಬೀನುಗಳು ಬಹಳಷ್ಟು ಎಡವುವುದು ಇಲ್ಲೇ. ಹತ್ತು ಮಿ.ಮೀ. ಇದ್ದರೆ ಬೀಗದ ಕಿಂಡಿಯಿಂದ ಇಣುಕಿದಂತಾಗುತ್ತದೆ. ಕಣ್ಣಿಗೆ ತಾಗುವ ರಬ್ಬರನ್ನು ಕೆಳಗೆ ಇಳಿಸಿ, ಕನ್ನಡಕ ತೆಗೆಯದೆ ರಸ್ತೆಯಾಚೆಯ ಯಾವುದಾದರೂ ಫಲಕ ನೋಡಿ. ವೃತ್ತದ ಅಂಚು ಸುತ್ತಲೂ ಕಪ್ಪು ಗೆರೆಯಾಗಿ ಸ್ಪಷ್ಟವಾಗಿ ಕಂಡರೆ ಅದು ನಿಮ್ಮದು. ಬಲಗಡೆಯ ಉಂಗುರವನ್ನೂ ಅಲ್ಲೇ ಹೊಂದಿಸಿಕೊಳ್ಳಿ: ಮೊದಲು ಎಡಗಣ್ಣಿಗೆ ನಡುವಿನ ಗಾಲಿಯಿಂದ, ಆಮೇಲೆ ಬಲಗಣ್ಣಿಗೆ ಆ ಉಂಗುರದಿಂದ. ಈ ಉಂಗುರ ಇರುವುದೇಕೆಂದು ಗೊತ್ತಿಲ್ಲದೆ ವರ್ಷಗಟ್ಟಲೆ ತಲೆನೋವು ಅನುಭವಿಸಿದವರನ್ನು ಬಲ್ಲೆ. ಅವರಲ್ಲಿ ನಮ್ಮ ಯಜಮಾನರೂ ಒಬ್ಬರು.

ಜಾತ್ರೆಯಲ್ಲಿ ಮಾರುವ ಕೆಂಪು ಗಾಜಿನ ದುರ್ಬೀನುಗಳ ಬಗ್ಗೆ ಪತ್ರಿಕೆಯವರಾದರೂ ಎಚ್ಚರಿಸಬೇಕಿತ್ತು. ಮಾಣಿಕ್ಯದಂತೆ ಹೊಳೆಯುವ ಆ ಲೇಪನ ಕೆಂಪು ಬೆಳಕನ್ನು ಹಿಂದಕ್ಕೆ ಅಟ್ಟುತ್ತದೆ, ಒಳಗೆ ಬಂದ ಚಿತ್ರ ನೀಲಿ-ಹಸಿರಿಗೆ ತಿರುಗುತ್ತದೆ. ನನ್ನ ಮೊಮ್ಮಗಳಿಗೆ ಯಾರೋ ಅಂಥದ್ದನ್ನು ತಂದುಕೊಟ್ಟಿದ್ದರು. ಮೇಲೆ ‘50×50’ ಎಂದು ಚಿನ್ನದ ಅಕ್ಷರ. ಭಾಗಿಸಿ ನೋಡಿ, ಒಂದೇ ಒಂದು ಮಿಲಿಮೀಟರ್ ಬೆಳಕು! ನಿಜವಾಗಿ ಅದು ಐದು ಪಟ್ಟೂ ಹಿಗ್ಗಿಸುತ್ತಿರಲಿಲ್ಲ. ಅದರಲ್ಲಿ ಹೆಬ್ಬಾತಿನ ಕಿತ್ತಳೆ ಕಾಲು ಕೆಸರಿನ ಬಣ್ಣಕ್ಕೆ ಕಂಡಿತು. “ಅಜ್ಜಿ, ಇವು ಕಾಲು ತೊಳೆದುಕೊಂಡಿಲ್ಲ” ಎಂದಳು ಹುಡುಗಿ. ಗಾಲಿ ತಿರುಗಿಸಿ ಪಟ್ಟು ಏರಿಸುವ ಜೂಮ್ ಮಾದರಿಗಳಿಂದಲೂ ದೂರವಿರುವುದು ಒಳ್ಳೆಯದು.

ಬಿಸಿಲು, ದೂಳಿನ ನಮ್ಮ ಕಡೆಗೆ ನೀರು ನುಗ್ಗದ ದುರ್ಬೀನು ಯಾಕೆ ಎಂದು ನಾನೂ ಕೇಳುತ್ತಿದ್ದೆ. ಕುಮಟಾದಲ್ಲಿರುವ ತಂಗಿಯದನ್ನು ನೋಡಿದ ಮೇಲೆ ಬಾಯಿ ಮುಚ್ಚಿದೆ. ಅಘನಾಶಿನಿ ಅಳಿವೆಯ ಕಡಲಹಕ್ಕಿಗಳಿಗೆಂದು ಕೊಂಡದ್ದನ್ನು ಮಳೆಗಾಲವಿಡೀ ಬೀರುವಿನಲ್ಲಿಟ್ಟಿದ್ದಳು. ತೆಗೆದಾಗ ಮಸೂರದ ಒಳಮೈಯಲ್ಲಿ ಜೇಡರ ಬಲೆಯಂಥ ಬೂಷ್ಟು. ಒರೆಸಲು ಬರುವ ಜಾಗವಲ್ಲ ಅದು. ಒಳಗೆ ಸಾರಜನಕ ತುಂಬಿ ಮುಚ್ಚಿದ ಮಾದರಿಗೆ ತೇವ ಹೊಗುವುದಿಲ್ಲ. ಕರಾವಳಿ, ಮಲೆನಾಡಿನವರು ಅದಕ್ಕೆ ಇನ್ನಷ್ಟು ದುಡ್ಡು ಹಾಕಬಹುದು. ಎರೆಭೂಮಿಯ ನಾವು ಮಾಡಬೇಕಾದ್ದು ಇಷ್ಟೇ: ಗಾಜಿನ ಮೇಲೆ ಕೂತ ದೂಳನ್ನು ಮೊದಲು ಊದಿ ಅಥವಾ ಕುಂಚದಿಂದ ಝಾಡಿಸಿ, ಆಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸುವುದು. ಸೆರಗಿನಿಂದ ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆ. ನಾನು ಅದನ್ನೂ ಮಾಡಿದ್ದೇನೆ, ಗೀರು ಇನ್ನೂ ಇದೆ.

ಚೀಲದಲ್ಲಿ ಹಗುರವಾಗಿ ಕುಳಿತ ಮೇಲೆ ಅದು ಕೆರೆಗೆ ಮಾತ್ರ ಉಳಿಯಲಿಲ್ಲ. ಮದುವೆಗೆಂದು ಗದಗಕ್ಕೆ ಹೋದವಳು ಅಲ್ಲಿಂದ ಲಕ್ಕುಂಡಿಗೂ ಹೋಗಿ ಕಾಶಿವಿಶ್ವೇಶ್ವರ ಗುಡಿಯ ಶಿಖರ ನೋಡಿದೆ. ಎಷ್ಟೋ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು, ‘ಮೇಲೆ ನೋಡಿ, ಎಂಥ ಕುಸುರಿ’ ಎಂದು ನಾನೇ ಹೇಳಿದ ಗುಡಿ. ಮೇಲಿನ ಸಾಲುಗಳನ್ನು ನಾನು ನೋಡಿದ್ದು ಅಂದೇ ಮೊದಲು. ಹಿತ್ತಲಿನ ಎಕ್ಕದ ಗಿಡಕ್ಕೆ ಬರುವ ಚಿಟ್ಟೆಗಳಿಗೆ ಇದು ಸಾಲದು, ಮೂರು ಮೀಟರ್‌ಗಿಂತ ಹತ್ತಿರ ಬಂದರೆ ಫೋಕಸ್ ಆಗುವುದಿಲ್ಲ. ಚಿಟ್ಟೆಯೇ ಮುಖ್ಯ ಎನ್ನುವವರಿಗೆ ಪೆಂಟಾಕ್ಸ್‌ನ ಪಪಿಲಿಯೊ 6.5×21 ಇದೆ, ಅದು ಅರ್ಧ ಮೀಟರ್ ದೂರದ್ದನ್ನೂ ತೋರಿಸುತ್ತದೆ, ತೂಕ 300 ಗ್ರಾಂ ಆಸುಪಾಸು. ನಮ್ಮ ಯಜಮಾನರಿಗಂತೂ ಬಸ್ ನಿಲ್ದಾಣದಲ್ಲಿ ದೂರದಿಂದಲೇ ಬೋರ್ಡು ಓದಿ ಸೀಟು ಹಿಡಿಯಲು ಇದಕ್ಕಿಂತ ದೊಡ್ಡ ವೈಜ್ಞಾನಿಕ ಸಾಧನ ಲೋಕದಲ್ಲಿ ಬೇರೆ ಇಲ್ಲ.

ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಆ ಕೋಷ್ಟಕ ಹಾಕುವಾಗ ಇನ್ನೆರಡು ಕಾಲಂ ಸೇರಿಸಿ: ತೂಕ ಎಷ್ಟು ಗ್ರಾಂ, ಕನ್ನಡಕದವರಿಗೆ ಅಂತರ ಎಷ್ಟು ಮಿ.ಮೀ. ‘ಮಕ್ಕಳಿಗೆ ಸಾಕು’ ಎಂಬ ಷರಾ ತೆಗೆದು, ಆ ಜಾಗದಲ್ಲಿ ದುರ್ಬೀನಿನಿಂದ ಸೂರ್ಯನತ್ತ ನೋಡಕೂಡದು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ. ಬೆಳಗಿನ ಹೊತ್ತು ಕೆರೆಯ ಮೇಲೆ ಸೂರ್ಯ ಹಕ್ಕಿಗಳ ಎತ್ತರದಲ್ಲೇ ಇರುತ್ತಾನೆ, ಮಕ್ಕಳಿಗೆ ಅದು ತಿಳಿಯುವುದಿಲ್ಲ. ಹೆಬ್ಬಾತುಗಳು ನವೆಂಬರಿನ ಹೊತ್ತಿಗೆ ಬರುತ್ತವೆ. ಅದಕ್ಕೆ ಮೊದಲೇ ಪ್ರಕಟವಾದರೆ ಒಳ್ಳೆಯದು.

ನನ್ನ 10×50 ಈಗ ಮಾಳಿಗೆಯ ಮೇಲಿದೆ. ಮುರಿದ ಕ್ಯಾಮೆರಾ ಸ್ಟ್ಯಾಂಡಿಗೆ ಬಿಗಿದಿಟ್ಟಿದ್ದೇವೆ, ಹುಣ್ಣಿಮೆಗೆ ಎರಡು ದಿನ ಮೊದಲಿನ ಚಂದ್ರನಿಗೆ ಅದೇ ಸರಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಲಕ್ಷ್ಮೇಶ್ವರ, ಗದಗ ಜಿಲ್ಲೆ