ಹತ್ತನೇ ಕ್ಲಾಸ್ ಫೇಲಾದ ಹುಡುಗನ ಮನೆಗೆ ಯಾರು ಹೋಗುತ್ತಾರೆ? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪ ಅವರಿಗೆ ನಮಸ್ಕಾರ.

ನಾನು ಕಲಬುರಗಿ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಹುಡುಗರು ಬಂದು ನಿಲ್ಲುತ್ತಾರೆ. 'ಅಣ್ಣಾ, ಕೆಲಸ ಏನರೆ ಅದ ಏನ್ರಿ?' ಅಂತ ಕೇಳುತ್ತಾರೆ. ಎಷ್ಟು ವಿಷಯ ಹೋಯಿತು ಅಂತ ನಾನು ಕೇಳಿದರೆ ನೆಲ ನೋಡುತ್ತಾರೆ. ಗಣಿತ ಮತ್ತು ಇಂಗ್ಲಿಷ್, ಹೆಚ್ಚಾಗಿ ಇವೆರಡೇ.

2025ರ ಪರೀಕ್ಷೆ-1ರ, ಅಂದರೆ ವರ್ಷಕ್ಕೆ ಮೂರು ಸಲ ನಡೆಯುವ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮೊದಲನೆಯದರ, ಲೆಕ್ಕ ನಿಮಗೆ ಗೊತ್ತೇ ಇದೆ. ಹುಡುಗಿಯರಲ್ಲಿ ಶೇ 74ರಷ್ಟು ಪಾಸಾದರು, ಹುಡುಗರಲ್ಲಿ ಶೇ 58ರಷ್ಟು. 3,90,311 ಹುಡುಗರು ಬರೆದರು, 2,26,637 ಹುಡುಗರು ಪಾಸಾದರು. ಅಂದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಹುಡುಗರು ಒಂದೇ ದಿನ ಫೇಲ್ ಅನಿಸಿಕೊಂಡರು. ನಮ್ಮ ಜಿಲ್ಲೆ ಶೇ 42.43 ಪಡೆದು ರಾಜ್ಯಕ್ಕೆ ಕೊನೆ. 2024ರಲ್ಲೂ ಹೀಗೇ ಇತ್ತು, ಹುಡುಗಿಯರು ಶೇ 81, ಹುಡುಗರು ಶೇ 66. ಪೇಪರಿನಲ್ಲಿ 'ಬಾಲಕಿಯರೇ ಮೇಲುಗೈ' ಅಂತ ಬರುತ್ತದೆ. ಬರಲಿ, ಅದು ಅವರು ಕಷ್ಟಪಟ್ಟು ಗಳಿಸಿದ್ದು. ಓದು ನಿಂತರೆ ಮದುವೆ ಮಾಡಿಬಿಡುತ್ತಾರೆ ಅನ್ನೋ ಭಯ ನಮ್ಮ ಕಡೆಯ ಎಷ್ಟೋ ಹುಡುಗಿಯರಿಗಿದೆ. ಅವರಿಗೆ ಕೊಡುವುದರಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಆ ಸುದ್ದಿಯ ಕೆಳಗೆ ಫೇಲಾದ ಹುಡುಗರ ಬಗ್ಗೆ ಒಂದು ಸಾಲೂ ಇರುವುದಿಲ್ಲ ಅಲ್ವಾ?

ಅವರು ದಡ್ಡರಲ್ಲ ಸರ್. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಮತ್ತೆ ಜೋಡಿಸುವುದನ್ನು ಒಂದೆರಡು ಸಲ ನೋಡಿದರೆ ಸಾಕು, ಕಲಿತುಬಿಡುತ್ತಾರೆ. ಅದೇ ಹುಡುಗನ ಕೈಗೆ ಕನ್ನಡ ಪೇಪರ್ ಕೊಟ್ಟು ಓದು ಅಂದರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ಇದು ಹತ್ತನೇ ಕ್ಲಾಸಿನಲ್ಲಿ ಆದದ್ದಲ್ಲ, ಐದು ಆರನೇ ಕ್ಲಾಸಿನಲ್ಲೇ ಹಿಂದೆ ಬಿದ್ದಿರುತ್ತಾನೆ, ಆಮೇಲೆ ಹತ್ತಿ ಬಿಡಿಸುವ ದಿನಗಳಲ್ಲಿ, ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗುತ್ತಾನೆ, ರಾಶಿ ಮುಗಿಯುವ ಹೊತ್ತಿಗೆ ಪರೀಕ್ಷೆ ಎದುರಿಗೇ ಬಂದಿರುತ್ತದೆ. ಮನೆಯವರು ಕೆಟ್ಟವರು ಅಂತಲ್ಲ. 'ಗಂಡು ಹುಡುಗ, ಹೆಂಗರೆ ಬದುಕ್ತಾನ' ಅಂತ ಅವರ ನಂಬಿಕೆ.

ಹೇಗೆ ಬದುಕುತ್ತಾನೆ ಅಂತ ನಾನು ನೋಡುತ್ತಿದ್ದೇನೆ. ಜೆಸಿಬಿ ಜೊತೆ ಕ್ಲೀನರ್ ಆಗಿ ಹೋಗುತ್ತಾನೆ. ಬೆಂಗಳೂರಿಗೋ ಪುಣೆಗೋ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಕಂತಿನ ಮೇಲೆ ಮೊಬೈಲು, ಐಪಿಎಲ್ ಬಂತು ಅಂದರೆ ಬೆಟ್ಟಿಂಗ್, ಅದರ ಸಾಲ ತೀರಿಸಲು ಇನ್ನೊಂದು ಸಾಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಲ್ಲಿಸಿದೆ, ಒಳ್ಳೆಯದೇ, ಆದರೆ ಊರಿನ ಬುಕ್ಕಿ ಇನ್ನೂ ಊರಿನಲ್ಲೇ ಇದ್ದಾನೆ. ಇಷ್ಟೆಲ್ಲ ಆದರೂ ಈ ಹುಡುಗ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಅತ್ತರೆ 'ಗಂಡಸಾಗಿ ಅಳ್ತೀ ಏನು' ಅನ್ನುತ್ತಾರೆ. ಅದಕ್ಕೇ ಸುಮ್ಮನಿರುತ್ತಾನೆ, ಇಲ್ಲದಿದ್ದರೆ ಜಗಳ ತೆಗೆಯುತ್ತಾನೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಹೋದ 1,70,924 ಜನರಲ್ಲಿ 1,22,724 ಗಂಡಸರು ಅಂತ ಸರ್ಕಾರದ್ದೇ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿ ಹೇಳುತ್ತದೆ. ಅದನ್ನು ಓದಿದಾಗ ನನಗೆ ಗ್ಯಾರೇಜಿನಲ್ಲಿ ಮಾತೇ ಆಡದೆ ಕೆಲಸ ಮಾಡುವ ಹುಡುಗರ ಮುಖ ಕಣ್ಣ ಮುಂದೆ ಬಂತು.

ನೀವು ಮೂರು ಪರೀಕ್ಷೆಯ ಪದ್ಧತಿ ತಂದಿರಿ. ಪಾಸ್ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಿದಿರಿ. ಎರಡರಿಂದಲೂ ಒಂದಷ್ಟು ಮಕ್ಕಳು ದಡ ಸೇರುತ್ತಾರೆ, ಅದಕ್ಕೆ ಧನ್ಯವಾದ. ಆದರೆ 2025ರಲ್ಲಿ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಆ ಮೂರು ವಾರದೊಳಗೇ ಹುಡುಗ ಬ್ಯಾಗ್ ಹಿಡಿದು ರೈಲು ಹತ್ತಿರುತ್ತಾನೆ. ಮತ್ತೊಂದು ಪರೀಕ್ಷೆ ಇದೆ ಅಂತ ಅವನಿಗೆ ಗೊತ್ತಿರಬಹುದು. ನೀನು ಬರೆಯಬಲ್ಲೆ, ಬಾ, ಕೂತ್ಕೋ ಅಂತ ಹೇಳುವವರು ಬೇಕು.

ಅದಕ್ಕೇ ನನ್ನ ಬೇಡಿಕೆ ಒಂದೇ. ಫಲಿತಾಂಶ ಬಂದು ಒಂದು ವಾರದೊಳಗೆ ಫೇಲಾದ ಪ್ರತಿ ಮಗುವಿನ ಮನೆಗೆ ಇಲಾಖೆಯಿಂದ ಒಬ್ಬರು ಹೋಗಬೇಕು, ಹುಡುಗರನ್ನು 'ಹೆಂಗರೆ ಬದುಕ್ತಾನ' ಅಂತ ಬಿಟ್ಟು ಬರಬಾರದು. ಬರೀ ಫೋನ್ ಮಾಡಿದರೆ ಸಾಲದು. ಬೇಸಿಗೆ ರಜೆಯಲ್ಲಿ ಮೇಷ್ಟ್ರುಗಳ ಮೇಲೆ ಇನ್ನೊಂದು ಹೊರೆ ಹಾಕಿ ಅಂತಲ್ಲ, ಹಾಕುವುದಾದರೆ ಅದಕ್ಕೆ ದುಡ್ಡು ಕೊಡಿ, ಇಲ್ಲವೇ ಆ ಊರಲ್ಲೇ ಡಿಗ್ರಿ ಮುಗಿಸಿ ಖಾಲಿ ಕೂತ ಹುಡುಗರಿದ್ದಾರೆ, ಅವರಿಗೆ ತರಬೇತಿ ಕೊಟ್ಟು ಕಳಿಸಿ. ಪ್ರತಿ ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ, ನಿಮ್ಮ ಹತ್ತಿರ ಇದೆ, ಯಾರು ಎಲ್ಲಿ ಅಂತ ಹುಡುಕುವುದು ಕಷ್ಟವಲ್ಲ.

ಹೋದವರು ಅವನ ಮುಂದೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಲಿ. ಪರೀಕ್ಷೆ-2 ಬರೆಯುವುದಾದರೆ ಎಲ್ಲಿ ಪಾಠ, ಯಾವಾಗ ಅಂತ ಹೇಳಲಿ. ಮತ್ತೆ ಪುಸ್ತಕ ಮುಟ್ಟುವುದೇ ಇಲ್ಲ ಅಂದರೆ ಐಟಿಐ ಬಗ್ಗೆ ಹೇಳಲಿ. ವೆಲ್ಡರ್, ವೈರ್‌ಮನ್ ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು, ವೆಲ್ಡರ್ ಕೋರ್ಸ್ ಒಂದೇ ವರ್ಷದ್ದು. ನನ್ನ ಹತ್ತಿರ ಬರುವ ಹುಡುಗರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ಹತ್ತು ಫೇಲ್ ಅಂದರೆ ಎಲ್ಲ ಬಾಗಿಲೂ ಮುಚ್ಚಿತು ಅಂದುಕೊಂಡಿರುತ್ತಾರೆ. ಐಟಿಐ ನಿಮ್ಮ ಇಲಾಖೆಗೆ ಬರುವುದಿಲ್ಲ, ಗೊತ್ತು. ಎರಡು ಇಲಾಖೆಯ ನಡುವೆ ಹುಡುಗ ಕಳೆದುಹೋಗಬಾರದು ಅಂತಲೇ ನಿಮಗೆ ಬರೆಯುತ್ತಿದ್ದೇನೆ. ಹಾಗೇ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹಾಲ್ ಟಿಕೆಟ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ. ಅದು ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಓದು ಮುಗಿಸಿ ಕೆಲಸ ಸಿಗದವರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಯುವನಿಧಿ ಶುರುವಾದದ್ದು ನಿಮ್ಮ ಶಿವಮೊಗ್ಗದಲ್ಲೇ, 2024ರ ಜನವರಿಯಲ್ಲಿ. ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500. ಹತ್ತರಲ್ಲೇ ನಿಂತವನಿಗೆ ಅಲ್ಲಿ ಏನೂ ಇಲ್ಲ. ಐಟಿಐಗೆ ಸೇರುವ ಇಂಥ ಹುಡುಗನಿಗೆ ಕನಿಷ್ಠ ಬಸ್ ಪಾಸು, ಮಧ್ಯಾಹ್ನದ ಊಟ ಕೊಡಿ. ದಿನಕ್ಕೆ ಐನೂರು ರೂಪಾಯಿ ಕೂಲಿ ಬಿಟ್ಟು ಒಂದು ವರ್ಷ ಕಲಿಯಲು ಕೂರಬೇಕು ಅಂದರೆ ಮನೆಯಲ್ಲಿ ಒಪ್ಪಬೇಕಲ್ಲ.

ಮುಂದಿನ ಸಲ ಫಲಿತಾಂಶ ಹೇಳಿ ಒಂದು ತಿಂಗಳಿಗೆ ಇನ್ನೊಂದು ಪತ್ರಿಕಾಗೋಷ್ಠಿ ಕರೆಯಿರಿ. ಫೇಲಾದವರಲ್ಲಿ ಎಷ್ಟು ಜನರ ಮನೆಗೆ ಹೋದೆವು, ಎಷ್ಟು ಹುಡುಗರು ಮತ್ತೆ ಪರೀಕ್ಷೆ ಬರೆದರು, ಎಷ್ಟು ಹುಡುಗರು ಐಟಿಐ ಸೇರಿದರು, ಯಾರು ಸಿಗಲೇ ಇಲ್ಲ ಅಂತ ಜಿಲ್ಲಾವಾರು ಓದಿ. ಕಲಬುರಗಿಯಿಂದಲೇ ಶುರು ಮಾಡಿ.

ಇಂತಿ,
ಕಲಬುರಗಿ ಜಿಲ್ಲೆಯ ಒಬ್ಬ ಬೈಕ್ ಮೆಕ್ಯಾನಿಕ್